ಫೋಟೊ ಇತ್ತು, ಅಳತೆ ಇರಲಿಲ್ಲ

2021ರ ಮೇ 11ರಂದು ಅಮೆರಿಕದ ಮೆಂಫಿಸ್ ನಗರದ ಬಳಿ ಮಿಸಿಸಿಪ್ಪಿ ನದಿಯ ಮೇಲಿನ ಹೆರ್ನಾಂಡೊ ಡಿ ಸೋಟೊ ಸೇತುವೆಯ ತಪಾಸಣೆ ನಡೆಯುತ್ತಿತ್ತು. ಕಮಾನಿನ ಎರಡೂ ತುದಿಗಳನ್ನು ಬಿಗಿಹಿಡಿಯುವ ಉಕ್ಕಿನ ತೊಲೆಯೊಂದು ಬಹುಪಾಲು ಸೀಳಿಹೋಗಿರುವುದು ಆಗ ಕಣ್ಣಿಗೆ ಬಿತ್ತು. ಕೂಡಲೇ ವಾಹನಗಳನ್ನು ತಡೆದರು, ಕೆಳಗೆ ನದಿಯಲ್ಲಿ ಸರಕು ದೋಣಿಗಳೂ ಕೆಲವು ದಿನ ನಿಂತವು. ಸೇತುವೆ ಪೂರ್ತಿ ತೆರೆಯುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ನಮ್ಮ ಗಮನಕ್ಕೆ ಬರಬೇಕಾದದ್ದು ಆಮೇಲೆ ಹೊರಬಿದ್ದ ಸಂಗತಿ. 2019ರ ತಪಾಸಣೆಯಲ್ಲಿ ಡ್ರೋನ್ ಹಾರಿಸಿ ತೆಗೆದ ವಿಡಿಯೊದಲ್ಲಿ ಆ ಬಿರುಕು ಆಗಲೇ ಇತ್ತು. ಅದಕ್ಕೂ ಮೊದಲು, 2016ರಲ್ಲಿ, ಕಯಾಕ್ ದೋಣಿಯಲ್ಲಿ ಸೇತುವೆಯ ಕೆಳಗೆ ಸಾಗಿದ್ದವರೊಬ್ಬರು ತೆಗೆದ ಫೋಟೊದಲ್ಲೂ ಅದರ ಗೆರೆ ಕಾಣುತ್ತಿತ್ತು. ಎಪ್ಪತ್ತರ ದಶಕದಲ್ಲಿ ತೊಲೆ ತಯಾರಾಗುವಾಗಲೇ ಬೆಸುಗೆಯಲ್ಲಿ ಉಳಿದಿದ್ದ ದೋಷವೊಂದು ದಶಕಗಳ ಕಾಲ ಬೆಳೆದು ಈ ಹಂತ ಮುಟ್ಟಿತ್ತು ಎಂದು ತನಿಖೆ ಹೇಳಿತು. ಐದು ವರ್ಷ ಕಾಲ ಬಿರುಕಿನ ಚಿತ್ರ ಇತ್ತು, ಬಿರುಕಿನ ಬಗ್ಗೆ ತಿಳಿವಳಿಕೆ ಇರಲಿಲ್ಲ.

ಇದೇನೂ ಮೊದಲ ಸಲವಲ್ಲ. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಹೆದ್ದಾರಿ ಸೇತುವೆಯೊಂದು ನದಿಗೆ ಕುಸಿದು 13 ಜನ ಸತ್ತರು. ತೊಲೆಗಳು ಕೂಡುವ ಜಾಗದಲ್ಲಿ ಹಾಕಿದ್ದ ಉಕ್ಕಿನ ತಗಡು ಇರಬೇಕಾದ ದಪ್ಪದ ಅರ್ಧದಷ್ಟೇ ಇತ್ತು ಎಂಬುದು ತನಿಖೆಯಲ್ಲಿ ತಿಳಿಯಿತು. ವಿನ್ಯಾಸದ ಮೇಜಿನ ಮೇಲೇ ಆದ ತಪ್ಪು ಅದು. ಅದೇ ತಗಡುಗಳು ಬಿಲ್ಲಿನಂತೆ ಬಾಗಿರುವುದು 1999 ಮತ್ತು 2003ರ ಫೋಟೊಗಳಲ್ಲಿ ಸ್ಪಷ್ಟವಾಗಿತ್ತು. ಇನ್ನೂ ವಿಚಿತ್ರವೆಂದರೆ, ಮತ್ತೆ ಮತ್ತೆ ಬೀಳುವ ಭಾರದಿಂದ ಈ ಸೇತುವೆಯ ಉಕ್ಕು ದಣಿದಿದೆಯೇ ಎಂದು 2001ರಲ್ಲಿ ವಿಶ್ವವಿದ್ಯಾಲಯವೊಂದು ಅಧ್ಯಯನ ಮಾಡಿತ್ತು. ಆಯ್ದ ಕೆಲವು ಜಾಗಗಳಲ್ಲಿ ಹಿಗ್ಗು-ಕುಗ್ಗು ಹೇಳುವ ಗೇಜ್ ಅಂಟಿಸಿ ಅಳೆದು, ಆತಂಕಕ್ಕೆ ಕಾರಣವಿಲ್ಲ ಎಂದೂ ಹೇಳಿತ್ತು. ಅಳೆದ ಕಡೆ ತೊಂದರೆ ಇರಲಿಲ್ಲ, ತೊಂದರೆ ಇದ್ದ ಕಡೆ ಅಳೆದಿರಲಿಲ್ಲ. ಕುಸಿತಕ್ಕೆ ದಣಿವು ಕಾರಣವಲ್ಲ, ನಿಜ. ಆದರೂ ನಮ್ಮ ಸೇತುವೆಗಳ ತಪಾಸಣೆಯ ಬಗ್ಗೆ ನಾನು ಹೇಳಹೊರಟಿರುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಕಣ್ಣಿಗೆ ಕಂಡದ್ದನ್ನು ನಮೂನೆಯಲ್ಲಿ ಬರೆಯುವುದಾಗಲಿ, ಬರಿಯ ಫೋಟೊ ತೆಗೆದಿಡುವುದಾಗಲಿ ತಪಾಸಣೆ ಆಗುವುದಿಲ್ಲ. ಅದೇ ಜಾಗದ ಹಿಂದಿನ ಚಿತ್ರದ ಜೊತೆ ಇಂದಿನ ಚಿತ್ರವನ್ನು ಲೆಕ್ಕ ಹಾಕಿ ಹೋಲಿಸಿ, ಮೇಲ್ಮೈ ಎಲ್ಲಿ ಎಷ್ಟು ಹಿಗ್ಗಿದೆ, ಎಲ್ಲಿ ಎಷ್ಟು ಜರುಗಿದೆ ಎಂದು ಅಂಕಿಯಲ್ಲಿ ಹೇಳುವ ವಿಧಾನ ಈಗ ಪ್ರಯೋಗಾಲಯಗಳಲ್ಲಿ ನಿತ್ಯದ ಕೆಲಸ. ಅದನ್ನು ಸೇತುವೆಗಳ ಭಾರಪರೀಕ್ಷೆಗೂ ನಿಯತ ತಪಾಸಣೆಗೂ ಕಡ್ಡಾಯ ಮಾಡಬೇಕು.

ಹೀಗೆ ಹೇಳಲು ಕಾರಣ ದಣಿವಿನ ಸ್ವಭಾವದಲ್ಲೇ ಇದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡು ಮಾಡಿದ ಯಾರಿಗೂ ಇದರ ತಿರುಳು ಗೊತ್ತು: ಒಂದೇ ಸಲಕ್ಕೆ ಮುರಿಯದ್ದು ಹಲವು ಸಲಕ್ಕೆ ಮುರಿಯುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೈ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಆದ ಭೀಕರ ಅಪಘಾತದ ನಂತರ ಯೂರೋಪಿನ ಎಂಜಿನಿಯರುಗಳು ಈ ಪ್ರಶ್ನೆಯ ಬೆನ್ನು ಹತ್ತಿದರು. ಜರ್ಮನಿಯ ಆಗಸ್ಟ್ ವೂಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ಬಾಗಿಸಿ, ಗರಿಷ್ಠ ಭಾರ ಎಷ್ಟು ಎಂಬುದಕ್ಕಿಂತ ಭಾರ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ, ಎಷ್ಟು ಸಲ ಏರಿಳಿಯುತ್ತದೆ ಎಂಬುದೇ ಆಯುಸ್ಸನ್ನು ನಿರ್ಧರಿಸುತ್ತದೆ ಎಂದು ತೋರಿಸಿದ. ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ಇಂದು ಹೊರಬರುವ ಅಚ್ಚುಗಳ ಲೆಕ್ಕಾಚಾರದ ಮೂಲವೂ ಅಲ್ಲೇ ಇದೆ. 1903ರಲ್ಲಿ ಇಂಗ್ಲೆಂಡಿನ ಯೂಯಿಂಗ್ ಮತ್ತು ಹಂಫ್ರಿ ಮತ್ತೊಂದು ಹೆಜ್ಜೆ ಮುಂದೆ ಹೋದರು. ನುಣುಪಾಗಿ ಉಜ್ಜಿದ ಕಬ್ಬಿಣದ ತುಂಡನ್ನು ಮತ್ತೆ ಮತ್ತೆ ಬಾಗಿಸುತ್ತ, ನಡುನಡುವೆ ಅದರ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲು ಕೆಲವು ಕಣಗಳಲ್ಲಿ ಮಾತ್ರ ತೆಳು ಗೆರೆಗಳು ಮೂಡಿದವು; ಆಮೇಲೆ ಗೆರೆಗಳು ದಟ್ಟವಾಗಿ, ಅಗಲವಾಗಿ, ಕೊನೆಗೆ ಅವುಗಳಲ್ಲೊಂದು ಬಿರುಕಾಯಿತು. ಒಟ್ಟು ತುಂಡು ಚೆನ್ನಾಗಿಯೇ ಇರುವಾಗ ಅದರ ಯಾವುದೋ ಒಂದು ಚೂರು ಮೇಲ್ಮೈ ಒಳಗೊಳಗೇ ಸೋಲುತ್ತಿರುತ್ತದೆ. ದಣಿವು ಬಹುಮಟ್ಟಿಗೆ ಮೇಲ್ಮೈಯಲ್ಲೇ ಹುಟ್ಟುತ್ತದೆ, ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ, ಆ ಜಾಗ ಯಾವುದೆಂದು ಮೊದಲೇ ಹೇಳಿಬಿಡುವುದು ಕಷ್ಟ. ಈ ಮೂರೂ ಕೂಡಿದ ಕಾಯಿಲೆಗೆ ಒಂದೆರಡು ಬಿಂದುಗಳಲ್ಲಿ ಅಳೆಯುವ ಮಾಪಕ ಎಷ್ಟರ ಮಟ್ಟಿಗೆ ಸರಿ?

ಕಾಮೆಟ್ ವಿಮಾನದ ಕತೆ ಈ ಪ್ರಶ್ನೆಗೆ ಚರಿತ್ರೆ ಕೊಟ್ಟ ಉತ್ತರ. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಆದ ಇದು 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಎಲ್ಬಾ ಬಳಿ ಬಿದ್ದ ವಿಮಾನ ಆ ಹೊತ್ತಿಗೆ ಹಾರಿದ್ದದ್ದು 1,290 ಸಲ. ಆದರೆ ತಯಾರಕರ ಪರೀಕ್ಷೆಯಲ್ಲಿ ಅದೇ ವಿನ್ಯಾಸದ ಒಡಲಿನ ಭಾಗವೊಂದು 16,000 ಸಲ ಒತ್ತಡ ಏರಿಸಿ ಇಳಿಸಿದರೂ ತಾಳಿಕೊಂಡಿತ್ತು! ಇಷ್ಟೊಂದು ಅಂತರ ಹೇಗೆ ಬಂತು? ಪರೀಕ್ಷೆಗೆ ಬಳಸಿದ ಆ ಭಾಗಕ್ಕೆ ಅದಕ್ಕೂ ಮೊದಲು ಎಂದಿನ ಎರಡರಷ್ಟು ಒತ್ತಡ ಕೊಟ್ಟು ಗಟ್ಟಿತನ ನೋಡಿದ್ದರು. ಆ ಅತಿಯೊತ್ತಡದಲ್ಲಿ ಒಡಲಿನ ಕಿಟಕಿ ಮುಂತಾದ ಕಿಂಡಿಗಳ ಮೂಲೆಗಳ ಸುತ್ತ ಲೋಹ ಸ್ವಲ್ಪ ಶಾಶ್ವತವಾಗಿ ಹಿಗ್ಗಿತ್ತು. ಒತ್ತಡ ತೆಗೆದ ಮೇಲೆ ಸುತ್ತಲಿನ ಲೋಹ ಅದನ್ನು ಹಿಂದಕ್ಕೆ ಅದುಮಿ ಹಿಡಿದು, ಬಿರುಕು ಹುಟ್ಟದಂತೆ ಕಾಪಾಡುತ್ತಿತ್ತು. ಪ್ರಯಾಣಿಕರನ್ನು ಹೊತ್ತು ಹಾರುತ್ತಿದ್ದ ವಿಮಾನಗಳಿಗೆ ಆ ಕಾವಲು ಇರಲಿಲ್ಲ. ಆಮೇಲೆ ಫಾರ್ನ್‌ಬರೊದಲ್ಲಿ ಇಡೀ ವಿಮಾನವನ್ನೇ ನೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದಾಗ, ಹಿಂದಿನ ಹಾರಾಟಗಳೂ ಸೇರಿ ಸುಮಾರು 3,000 ಆವರ್ತಗಳಿಗೆ ಅದರ ಒಡಲು ಹರಿಯಿತು. ಮೊದಲ ಪರೀಕ್ಷೆಯ ಅಂಕಿ ಸುಳ್ಳಲ್ಲ, 16,000 ನಿಜವಾದ ಎಣಿಕೆಯೇ. ಆದರೆ ಆ ಕಿಂಡಿಯ ಮೂಲೆಯಲ್ಲಿ ಲೋಹ ಏನಾಗುತ್ತಿದೆ ಎಂದು ಯಾರೂ ಕಂಡಿರಲಿಲ್ಲ. ಒಟ್ಟು ರಚನೆ ಪಾಸಾಯಿತು ಎಂಬ ಒಂದೇ ಅಂಕಿಯ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದನ್ನು ಅಂದಿನಿಂದ ವಿಮಾನ ಉದ್ಯಮ ಮರೆತಿಲ್ಲ. ಸೇತುವೆ ಕಟ್ಟುವ ಇಲಾಖೆಗಳು ಇದನ್ನು ಇನ್ನೂ ಕಲಿಯಬೇಕಿದೆ.

ಮೇಲ್ಮೈ ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಎಂಬುದನ್ನು, ಅಂದರೆ ಸ್ಟ್ರೈನ್ ಅನ್ನು, ಅಳೆಯಲು 1938ರಲ್ಲಿ ಬಂದ ಸ್ಟ್ರೈನ್ ಗೇಜ್ ಇಂದಿಗೂ ನಂಬಿಕಸ್ತ ಉಪಕರಣ. ಬೆರಳುಗುರಿನಷ್ಟು ಹಾಳೆಯ ಮೇಲೆ ಹಾವಿನಂತೆ ಸುತ್ತಿದ ತಂತಿ. ಅಂಟಿಸಿದ ಜಾಗ ಹಿಗ್ಗಿದರೆ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಒಂದು ಮೀಟರಿನಲ್ಲಿ ಒಂದು ಮೈಕ್ರಾನ್ ವ್ಯತ್ಯಾಸವನ್ನೂ, ಅಂದರೆ ಒಂದು ಮೈಕ್ರೋಸ್ಟ್ರೈನನ್ನೂ ಅದು ಹಿಡಿದುಕೊಡುತ್ತದೆ. ಆದರೆ ತಾನು ಕೂತ ಕೆಲವೇ ಮಿಲಿಮೀಟರ್ ಜಾಗದ ಸರಾಸರಿಯನ್ನು ಮಾತ್ರ ಹೇಳುತ್ತದೆ, ಪಕ್ಕದಲ್ಲಿ ಏನಾಗುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಇಡೀ ಮೇಲ್ಮೈಯನ್ನು ಬೆಳಕಿನಿಂದ ಓದುವ ಆಸೆಯೂ ಹಳೆಯದೇ. ಒತ್ತಡಕ್ಕೊಳಗಾದ ಪಾರದರ್ಶಕ ವಸ್ತುವಿನ ಮೂಲಕ ಧ್ರುವೀಕೃತ ಬೆಳಕು ಹಾಯಿಸಿದರೆ ಬಣ್ಣದ ಪಟ್ಟಿಗಳು ಮೂಡುವುದನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಬ್ರೂಸ್ಟರ್ ಗುರುತಿಸಿದ್ದ. ಆ ದಾರಿಯನ್ನು ಕಂಪ್ಯೂಟರಿನ ಕಾಲಕ್ಕೆ ಒಗ್ಗಿಸಿದವರಲ್ಲಿ ಮದ್ರಾಸ್ ಐಐಟಿಯ ಕೆ. ರಮೇಶ್ ಅವರ ಹೆಸರು ದೊಡ್ಡದು. ಆದರೆ ಉಕ್ಕು, ಕಾಂಕ್ರೀಟು ಪಾರದರ್ಶಕವಲ್ಲ. ಅವಕ್ಕೆ ಸಲ್ಲುವ ದಾರಿ ತೆರೆದದ್ದು 1982ರಲ್ಲಿ, ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಪೀಟರ್ಸ್ ಮತ್ತು ರ‍್ಯಾನ್ಸನ್ ಎಂಬಿಬ್ಬರ ಪ್ರಬಂಧದಿಂದ. ಅಲ್ಲಿಯೇ ಸಟನ್ ಮತ್ತು ಸಂಗಡಿಗರು ಅದನ್ನು ಬೆಳೆಸಿದರು. ಹೆಸರು ಡಿಜಿಟಲ್ ಇಮೇಜ್ ಕೋರಿಲೇಷನ್, ಬಳಸುವವರ ಬಾಯಲ್ಲಿ ಡಿಐಸಿ.

ವಿಧಾನ ತುಂಬ ಸರಳ, ಸರಳತೆಯೇ ಅದರ ಶಕ್ತಿ. ಪರೀಕ್ಷೆಯ ತುಂಡಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಣ್ಣವನ್ನು ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಚುಕ್ಕೆಗಳು ಕ್ರಮಬದ್ಧವಾಗಿ ಇರಕೂಡದು, ಅಡ್ಡಾದಿಡ್ಡಿ ಬಿದ್ದಷ್ಟೂ ಒಳ್ಳೆಯದು, ಏಕೆಂದರೆ ಆಗ ಯಾವ ತುಣುಕೂ ಇನ್ನೊಂದನ್ನು ಹೋಲುವುದಿಲ್ಲ. ಒಂದೊಂದು ಚುಕ್ಕೆಯೂ ಚಿತ್ರದಲ್ಲಿ ಮೂರರಿಂದ ಐದು ಪಿಕ್ಸೆಲ್ ಅಗಲ ಇರುವಂತೆ ನೋಡಿಕೊಳ್ಳುತ್ತಾರೆ. ಭಾರ ಹೇರುವ ಮುನ್ನ ಒಂದು ಚಿತ್ರ, ಹೇರಿದ ಮೇಲೆ ಇನ್ನೊಂದು. ಮೊದಲ ಚಿತ್ರವನ್ನು ತಂತ್ರಾಂಶವು ಇಪ್ಪತ್ತು-ಮೂವತ್ತು ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು, ಪ್ರತಿ ಚೌಕದ ಚುಕ್ಕೆಗಳ ಗುಂಪು ಎರಡನೇ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕುತ್ತದೆ. ಪಿಕ್ಸೆಲ್‌ಗಳ ನಡುವಿನ ಬೂದು ಛಾಯೆಯನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ, ಒಳ್ಳೆಯ ಬೆಳಕಿದ್ದರೆ ಒಂದು ಪಿಕ್ಸೆಲಿನ ನೂರನೇ ಒಂದು ಭಾಗದಷ್ಟು ಸರಿತವೂ ಸಿಗುತ್ತದೆ. ಅಕ್ಕಪಕ್ಕದ ಚೌಕಗಳು ಎಷ್ಟು ದೂರವಾದವು ಎಂದು ನೋಡಿದರೆ ಸ್ಟ್ರೈನ್ ಬಂತು. ಸಾವಿರಾರು ಚೌಕಗಳಿಂದ ಇಡೀ ಮೇಲ್ಮೈಯ ನಕ್ಷೆ ಸಿದ್ಧವಾಗುತ್ತದೆ. ದಣಿವಿನ ಪರೀಕ್ಷೆಯಲ್ಲಿ ಯಂತ್ರ ಸೆಕೆಂಡಿಗೆ ಹತ್ತಾರು ಸಲ ಎಳೆದು ಬಿಡುತ್ತಿರುತ್ತದೆ. ಕ್ಯಾಮೆರಾಗೆ ಭಾರದ ಸಂಕೇತವನ್ನೇ ಜೋಡಿಸಿ, ಭಾರ ತುತ್ತತುದಿ ಮುಟ್ಟಿದಾಗ ಒಂದು, ತಳ ಮುಟ್ಟಿದಾಗ ಒಂದು ಚಿತ್ರ ಬರುವಂತೆ ಹೊಂದಿಸುತ್ತಾರೆ. ಸಾವಿರನೇ ಆವರ್ತದ ನಕ್ಷೆಯನ್ನು ಲಕ್ಷನೇ ಆವರ್ತದ ನಕ್ಷೆಯ ಪಕ್ಕ ಇಟ್ಟರೆ, ಕಣ್ಣಿಗೆ ಇನ್ನೂ ಬಿರುಕು ಕಾಣದ ಜಾಗದಲ್ಲಿ ಸ್ಟ್ರೈನ್ ಗುಡ್ಡೆಯಾಗಿ ಸೇರುತ್ತಿರುವುದು ಗೊತ್ತಾಗುತ್ತದೆ. ಬಿರುಕು ಕಂಡ ಮೇಲೆ ಅದರ ತುದಿಯ ಸುತ್ತಲಿನ ನಕ್ಷೆಯಿಂದಲೇ ಅದು ಎಷ್ಟು ವೇಗವಾಗಿ ಬೆಳೆಯಬಹುದು ಎಂದು ಲೆಕ್ಕ ಹಾಕಬಹುದು. ತೊಡಕೂ ಉಂಟು: ಆವರ್ತಗಳು ಲಕ್ಷ ದಾಟುವಾಗ ಬಳಿದ ಬಣ್ಣವೇ ಸಿಡಿದು, ಲೋಹದಲ್ಲಿಲ್ಲದ ಬಿರುಕನ್ನು ನಕ್ಷೆ ತೋರಿಸಿಬಿಡಬಹುದು. ಪಳಗಿದವರು ಇದನ್ನು ಬಲ್ಲರು, ಹೊಸಬರು ಮೋಸ ಹೋಗುತ್ತಾರೆ.

ಈಗ ನಮ್ಮ ಸೇತುವೆಗಳಿಗೆ ಬರೋಣ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಿದ್ದು ಅದೃಷ್ಟ. ಗೋವಾ ಕಡೆಯ ಹೆದ್ದಾರಿ ಸಂಚಾರವನ್ನು ನಾಲ್ಕು ದಶಕ ಹೊತ್ತ ಸೇತುವೆ ಅದು. 2025ರ ಜುಲೈ 9ರಂದು ಗುಜರಾತಿನ ಮಹಿಸಾಗರ ನದಿಯ ಮೇಲಿನ ಗಂಭೀರಾ ಸೇತುವೆ ಬಿದ್ದಾಗ ಆ ಅದೃಷ್ಟವೂ ಇರಲಿಲ್ಲ. ಇವೆರಡೂ ದಣಿವಿನಿಂದಲೇ ಬಿದ್ದವು ಎಂದು ನಾನು ವಾದಿಸುತ್ತಿಲ್ಲ. ಬೀಳುವ ಹಿಂದಿನ ದಿನದವರೆಗೆ ಆ ಮೇಲ್ಮೈಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತ ಬಂದವು ಎಂಬುದರ ಅಳತೆಯ ದಾಖಲೆ ನಮ್ಮಂಥ ಪ್ರಜೆಗಳ ಕೈಗೆ ಸಿಗುವ ವ್ಯವಸ್ಥೆ ಇಲ್ಲ ಎಂಬುದಷ್ಟೇ ನನ್ನ ತಕರಾರು. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಸೇತುವೆ ನಿರ್ವಹಣಾ ವ್ಯವಸ್ಥೆ ಹೆದ್ದಾರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ಪಟ್ಟಿ ಮಾಡಿ ಅಂಕ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಆ ಅಂಕದ ಬೇರು ಬಹುಪಾಲು ತಪಾಸಕನ ಕಣ್ಣಂದಾಜಿನಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಭಾರಪರೀಕ್ಷೆಯ ಮಾರ್ಗಸೂಚಿ ಇನ್ನೂ ಗಟ್ಟಿ: ಲೆಕ್ಕದ ಭಾರ ಹೇರಿ 24 ಗಂಟೆ ಬಿಡಬೇಕು, ಇಳಿಸಿದ ಮೇಲೆ ಮತ್ತೆ 24 ಗಂಟೆ ಕಾದು ತೊಲೆ ಎಷ್ಟು ಮೇಲೆ ಬಂತು ಎಂದು ನೋಡಬೇಕು, ಬಾಗಿದ್ದರಲ್ಲಿ ಸಾಮಾನ್ಯ ಕಾಂಕ್ರೀಟಾದರೆ ನೂರಕ್ಕೆ 75, ಪೂರ್ವಪೀಡಿತ (ಪ್ರಿಸ್ಟ್ರೆಸ್ಡ್) ಕಾಂಕ್ರೀಟಾದರೆ 85 ಭಾಗ ಹಿಂತಿರುಗಿದ್ದರೆ ಪಾಸು. ಇಡೀ ತೊಲೆಯ ಬಿಗುವನ್ನು ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಒಂದು ಬೆಸುಗೆಯ ಅಂಚಿನಲ್ಲಿ, ಒಂದು ಬೇರಿಂಗಿನ ಪಕ್ಕದಲ್ಲಿ ನಡೆಯುವುದನ್ನು ಹೇಳುವುದಿಲ್ಲ. ಕಾಮೆಟ್ಟಿನ 16,000ವೂ ಇಂಥದ್ದೇ ಪಾಸು.

ಭಾರದ ಏರಿಳಿತ ಆಯುಸ್ಸನ್ನು ಹೇಗೆ ತಿನ್ನುತ್ತದೆ ಎಂಬ ಲೆಕ್ಕ ನೋಡಿದರೆ ಅವಸರ ಅರ್ಥವಾಗುತ್ತದೆ. ಬೆಸುಗೆ ಹಾಕಿದ ಉಕ್ಕಿನ ಜೋಡಣೆಗಳಲ್ಲಿ ಹಾನಿಯು ಒತ್ತಡದ ಏರಿಳಿತದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ವಿನ್ಯಾಸದ ಸಂಹಿತೆಗಳು ಹಿಡಿಯುತ್ತವೆ. ಏರಿಳಿತ ಎರಡು ಪಟ್ಟಾದರೆ ಆಯುಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲಾರಿ ನೂರಕ್ಕೆ 20ರಷ್ಟು ಹೆಚ್ಚು ಹೊತ್ತರೆ ಒಂದು ಓಡಾಟಕ್ಕೆ ಆಗುವ ಹಾನಿ ಸುಮಾರು ಮುಕ್ಕಾಲು ಪಾಲು ಹೆಚ್ಚು. ಬಳ್ಳಾರಿಯ ಅದಿರು ಲಾರಿಗಳು ಎಷ್ಟು ಅತಿಭಾರ ಹೊತ್ತು ಓಡುತ್ತಿದ್ದವು ಎಂಬುದನ್ನು 2011ರ ಲೋಕಾಯುಕ್ತ ವರದಿ ದಾಖಲಿಸಿದೆ. ರಾಜಸ್ವದ ನಷ್ಟದ ಲೆಕ್ಕವನ್ನು ಎಲ್ಲರೂ ಮಾಡಿದರು. ಆ ದಾರಿಯ ಸೇತುವೆಗಳ ಆಯುಸ್ಸಿನ ನಷ್ಟದ ಲೆಕ್ಕ ಮಾಡಿದ್ದನ್ನು ನಾನಂತೂ ನೋಡಿಲ್ಲ. ವಿನ್ಯಾಸದ ಕಾಗದದಲ್ಲಿ ಬರೆದ ಆಯುಸ್ಸು ಇಂಥ ಕಡೆ ಕೆಲಸಕ್ಕೆ ಬಾರದು, ನಿಂತಿರುವ ಸೇತುವೆಯನ್ನೇ ಕೇಳಿ ತಿಳಿಯಬೇಕು.

ಪ್ರಯೋಗಾಲಯದಲ್ಲಿ ನಡೆಯುವುದು ನದಿ ದಂಡೆಯಲ್ಲಿ ನಡೆಯುತ್ತದೆಯೇ ಎಂಬುದು ಎಂಜಿನಿಯರುಗಳ ಮೊದಲ ಆಕ್ಷೇಪ. ಅದು ನ್ಯಾಯವಾದದ್ದು. ಅಂಕಿಯಲ್ಲೇ ನೋಡೋಣ. ತೊಲೆಯ ಮೂರು ಮೀಟರ್ ಭಾಗವನ್ನು 4,000 ಪಿಕ್ಸೆಲ್ ಅಗಲದ ಕ್ಯಾಮೆರಾದಲ್ಲಿ ತುಂಬಿಸಿದರೆ ಒಂದು ಪಿಕ್ಸೆಲ್ ಅಂದರೆ 0.75 ಮಿಲಿಮೀಟರ್. ಅದರ ನೂರನೇ ಒಂದು ಭಾಗ 7.5 ಮೈಕ್ರಾನ್. ಮೂವತ್ತು ಸೆಂಟಿಮೀಟರ್ ಅಂತರದ ಎರಡು ಬಿಂದುಗಳ ನಡುವೆ ಇಷ್ಟು ತಪ್ಪಿದ್ದರೆ ಸ್ಟ್ರೈನಿನಲ್ಲಿ 25 ಮೈಕ್ರೋಸ್ಟ್ರೈನ್ ತಪ್ಪು. ಬಯಲಿನ ಗಾಳಿ, ಬಿಸಿಲಿನ ಝಳ, ಲಾರಿ ಹಾದಾಗ ಅಲುಗುವ ಟ್ರೈಪಾಡ್ ಎಲ್ಲ ಸೇರಿ ಇದು ಮೂರು ಪಟ್ಟಾಗಲಿ, 75 ಎನ್ನೋಣ. ಭಾರೀ ಲಾರಿಯೊಂದು ಉಕ್ಕಿನ ತೊಲೆಯಲ್ಲಿ 60 ಮೆಗಾಪಾಸ್ಕಲ್ ಒತ್ತಡ ಹುಟ್ಟಿಸಿದರೆ ಅದು 300 ಮೈಕ್ರೋಸ್ಟ್ರೈನ್, ಸ್ಪಷ್ಟವಾಗಿ ಕಾಣುತ್ತದೆ. ಬಿರುಕು ಬೀಳುವ ಮುಂಚಿನ ಕಾಂಕ್ರೀಟಿನ ಸ್ಟ್ರೈನ್ ನೂರರ ಆಸುಪಾಸು, ಅಂದರೆ ಅಳತೆಯ ಈ ತಪ್ಪುಗಳ ಗದ್ದಲದಲ್ಲಿ ಮುಳುಗಿಹೋಗಬಹುದು. ಅಲ್ಲಿ ಸ್ಟ್ರೈನ್ ಹುಡುಕುವ ಹಟ ಬಿಟ್ಟು ಬಿರುಕಿನ ಬಾಯಿಯನ್ನು ಅಳೆಯಬೇಕು. ವಾಹನ ಹಾದಾಗ ಬಿರುಕು 0.05 ಮಿಲಿಮೀಟರ್ ತೆರೆದು ಮುಚ್ಚಿದರೂ ಅದು ಗದ್ದಲಕ್ಕಿಂತ ಮೇಲೇ ಇರುತ್ತದೆ. ಬರಿಗಣ್ಣಿಗೆ ಸತ್ತಂತೆ ಕಾಣುವ ಬಿರುಕು ಉಸಿರಾಡುತ್ತಿದೆಯೇ ಇಲ್ಲವೇ ಎಂಬುದೊಂದು ಗೊತ್ತಾದರೂ ತಪಾಸಕನಿಗೆ ಅದು ದೊಡ್ಡ ವಿಷಯ.

ತಾಪಮಾನದ ಆಕ್ಷೇಪ ಇನ್ನೂ ಹರಿತವಾದದ್ದು. ಉಕ್ಕು ಒಂದು ಡಿಗ್ರಿಗೆ ಸುಮಾರು 12 ಮೈಕ್ರೋಸ್ಟ್ರೈನ್ ಹಿಗ್ಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ತೊಲೆಯ ಮೈಬಿಸಿ 20 ಡಿಗ್ರಿ ವ್ಯತ್ಯಾಸವಾದರೆ 240 ಮೈಕ್ರೋಸ್ಟ್ರೈನ್ ಬರಿಯ ಬಿಸಿಲಿನದೇ ಆಯಿತು, ಲಾರಿಯ ಪಾಲಿಗೆ ಹೆಚ್ಚುಕಮ್ಮಿ ಸಮ. ಇದಕ್ಕೆ ಉತ್ತರ ಕ್ರಮದಲ್ಲಿದೆ: ವಾಹನ ಬರುವ ಮುನ್ನ ಒಂದು, ನೆತ್ತಿಯ ಮೇಲಿದ್ದಾಗ ಒಂದು, ದಾಟಿದ ಮೇಲೆ ಒಂದು ಎಂದು ಕೆಲವೇ ಸೆಕೆಂಡುಗಳ ಅಂತರದಲ್ಲಿ ಚಿತ್ರ ತೆಗೆದರೆ ಬಿಸಿಲು ಅಷ್ಟರಲ್ಲಿ ಏನೂ ಮಾಡಲಾರದು. ಆ ಏರಿಳಿತವನ್ನು ವರ್ಷದಿಂದ ವರ್ಷಕ್ಕೆ, ಅದೇ ತೂಕದ ಲಾರಿಯಿಂದ, ಹೋಲಿಸಬೇಕು. ಹಾಗೆಯೇ ಒಂದೇ ಕ್ಯಾಮೆರಾ ಬಳಸಿದರೆ ಮತ್ತೊಂದು ಬಲೆ ಇದೆ. ಹತ್ತು ಮೀಟರ್ ದೂರದ ತೊಲೆ ಕ್ಯಾಮೆರಾದ ಕಡೆಗೆ ಒಂದು ಮಿಲಿಮೀಟರ್ ವಾಲಿದರೂ ಚಿತ್ರ ಅಷ್ಟು ದೊಡ್ಡದಾಗಿ, 100 ಮೈಕ್ರೋಸ್ಟ್ರೈನ್ ಹಿಗ್ಗಿದೆ ಎಂಬ ಸುಳ್ಳು ಹುಟ್ಟುತ್ತದೆ. ಎರಡು ಕ್ಯಾಮೆರಾಗಳನ್ನು ಕೋನದಲ್ಲಿಟ್ಟು ನೋಡುವ ಪದ್ಧತಿ ತೊಂಬತ್ತರ ದಶಕದಲ್ಲೇ ಬಂದದ್ದು ಇದಕ್ಕಾಗಿ. ಈ ಎಲ್ಲ ಮಿತಿಗಳನ್ನು ಟೆಂಡರಿನಲ್ಲೇ ಬರೆಯದೆ, ಡ್ರೋನ್ ಇದೆ ಎಂದು ಹೇಳಿ ಕೆಲಸ ಹಿಡಿಯುವವರಿಗೆ ಕೊಟ್ಟರೆ ಕೆಂಪು ಹಸಿರು ಬಣ್ಣದ ಚೆಂದದ ನಕ್ಷೆಗಳು ಬರುತ್ತವೆ, ಅಳತೆ ಬರುವುದಿಲ್ಲ. ಗದ್ದಲದ ಮಟ್ಟ ಎಷ್ಟು ಎಂದು ಹೇಳದ ನಕ್ಷೆಯನ್ನು ಇಲಾಖೆ ವಾಪಸು ಕಳಿಸಬೇಕು. ಭಾರವೇ ಇಲ್ಲದಾಗ ಎರಡು ಚಿತ್ರ ತೆಗೆದು ಹೋಲಿಸಿದರೆ ಆ ಮಟ್ಟ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದನ್ನು ಮಾಡದವರ ಮೇಲೆ ಅನುಮಾನ ಪಡುವುದೇ ಸರಿ.

ಬೆಳಕು ಮೈಯನ್ನಷ್ಟೇ ನೋಡುತ್ತದೆ, ಒಳಗಿನ ತುಕ್ಕನ್ನು ನೋಡುವುದಿಲ್ಲ ಎಂಬ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ. 2022ರ ಅಕ್ಟೋಬರಿನಲ್ಲಿ 135 ಜನರನ್ನು ಬಲಿ ತೆಗೆದುಕೊಂಡ ಮೋರ್ಬಿ ತೂಗುಸೇತುವೆಯ ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದು ಹೋಗಿದ್ದವು ಎಂದು ತನಿಖಾ ತಂಡ ಹೇಳಿತು. ಹಗ್ಗದೊಳಗಿನ ತಂತಿಯನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಪೂರ್ವಪೀಡಿತ ತೊಲೆಯೊಳಗಿನ ಉಕ್ಕಿನ ಎಳೆಗಳ ಕತೆಯೂ ಅದೇ. ಅಲ್ಲಿಗೆ ಶ್ರವಣಾತೀತ ಧ್ವನಿ, ಕಾಂತೀಯ ಪರೀಕ್ಷೆ, ಅಗತ್ಯ ಬಿದ್ದರೆ ಕೊರೆದು ನೋಡುವುದು ಬೇಕೇ ಬೇಕು. ಆದರೆ ಒಳಗಿನ ಎಳೆಗಳು ಸೋತಾಗ ಭಾರ ಹೊರುವ ದಾರಿ ಬದಲಾಗುತ್ತದೆ. ಅದೇ ಲಾರಿಗೆ ಅದೇ ತೊಲೆಯ ಹೊರಮೈ ಕಳೆದ ವರ್ಷಕ್ಕಿಂತ ಬೇರೆ ರೀತಿ ಹಿಗ್ಗುತ್ತದೆ. ಕಾರಣ ಏನೆಂದು ಚಿತ್ರ ಹೇಳದಿದ್ದರೂ ಎಲ್ಲಿ ಕೊರೆಯಬೇಕು ಎಂದು ಹೇಳುತ್ತದೆ. ಒಂದೂವರೆ ಲಕ್ಷ ರಚನೆಗಳ ದೇಶದಲ್ಲಿ ಕೊರೆಯುವ ಜಾಗ ಆರಿಸಿಕೊಡುವುದು ಸಣ್ಣ ಉಪಕಾರವಲ್ಲ.

ಖರ್ಚಿನ ಮಾತು ಕೊನೆಯದಾಗಿ ಬರುತ್ತದೆ, ಸಭೆಗಳಲ್ಲಿ ಮಾತ್ರ ಮೊದಲು ಬರುತ್ತದೆ. ಎಲ್ಲ ಸೇತುವೆಗಳ ಎಲ್ಲ ಮೈಯನ್ನೂ ಅಳೆಯಿರಿ ಎಂದು ಯಾರೂ ಹೇಳುವುದಿಲ್ಲ. ಒಂದು ಭಾಗ ಹೋದರೆ ಇಡೀ ಸೇತುವೆ ಹೋಗುವಂಥ ಜೋಡಣೆಗಳು ಪ್ರತಿ ವಿನ್ಯಾಸದಲ್ಲೂ ಕೆಲವೇ ಇರುತ್ತವೆ. ಕ್ಯಾಮೆರಾ, ಮಸೂರ, ಕಂಪ್ಯೂಟರು ಮೊದಲಿನಷ್ಟು ದುಬಾರಿ ಅಲ್ಲ. ಹೋಲಿಕೆಯ ತಂತ್ರಾಂಶ ಉಚಿತವಾಗಿಯೂ ಸಿಗುತ್ತದೆ. ದುಬಾರಿಯಾದದ್ದು ಪಳಗಿದ ಕೈ. ಈ ವಿಷಯದಲ್ಲಿ ಕರ್ನಾಟಕ ಬಡರಾಜ್ಯವಲ್ಲ. ವಿಮಾನದ ರಚನೆಗಳನ್ನು ದಣಿಸಿ ನೋಡುವ ವಿದ್ಯೆ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದಲ್ಲಿ ದಶಕಗಳಿಂದ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೆ. ಆಕಾಶದಲ್ಲಿ ಹಾರುವವರಿಗೆ ಸಿಗುವ ಎಚ್ಚರ ನೆಲದ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಏಕೆ ಸಿಗಬಾರದು ಎಂದು ಲೋಕೋಪಯೋಗಿ ಇಲಾಖೆ ಆ ಎರಡೂ ಬಾಗಿಲು ತಟ್ಟಿ ಕೇಳಬಹುದು.

ಹಣಕ್ಕಿಂತ ಗಟ್ಟಿಯಾದ ಅಡ್ಡಿ ಬೇರೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣಂದಾಜಿನ ವರದಿ ಬರೆದವನನ್ನು ಹತ್ತು ವರ್ಷದ ನಂತರ ಯಾರೂ ಪ್ರಶ್ನಿಸಲಾರರು. ಅಂದು ಅವನಿಗೆ ಹಾಗೆ ಕಂಡಿತ್ತು, ಅಷ್ಟೇ. ಮೂಲ ಚಿತ್ರಗಳು ಉಳಿದರೆ ಹಾಗಲ್ಲ. ಇಂದಿನ ತಂತ್ರಾಂಶ ಕಾಣದ್ದನ್ನು ನಾಳಿನದು ಅದೇ ಚಿತ್ರದಲ್ಲಿ ಕಾಣಬಹುದು, ಇಂದು ಕೈಬಿಟ್ಟದ್ದು ನಾಳೆ ಲೆಕ್ಕಕ್ಕೆ ಸಿಗಬಹುದು. ಮೆಂಫಿಸ್‌ನಲ್ಲಿ ಹಳೆಯ ವಿಡಿಯೊ ಸಿಕ್ಕ ಮೇಲೆ ತಪಾಸಕನ ಕೆಲಸ ಹೋಯಿತು. ಇದನ್ನು ನೋಡಿದ ನಮ್ಮ ಅಧಿಕಾರಿಗಳು ಚಿತ್ರವೇ ಬೇಡ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದ್ದರಿಂದ ನಿಯಮ ಬರೆಯುವಾಗಲೇ ಎರಡು ಮಾತು ಸೇರಬೇಕು. ಚಿತ್ರಗಳನ್ನು ಒಬ್ಬನ ವಿವೇಚನೆಗೆ ಬಿಡದೆ ಹಿಂದಿನದರ ಜೊತೆ ಹೋಲಿಸುವ ಲೆಕ್ಕ ತಾನಾಗಿ ನಡೆಯಬೇಕು, ಮಿತಿ ಮೀರಿದ ಬದಲಾವಣೆ ಇದ್ದರೆ ಮೇಲಿನ ಕಚೇರಿಗೂ ಅದೇ ದಿನ ಸುದ್ದಿ ಮುಟ್ಟಬೇಕು. ಬಣ್ಣದ ನಕ್ಷೆಗಳ ಜೊತೆಗೆ ಮೂಲ ಚಿತ್ರಗಳು, ಅಂದಿನ ತಾಪಮಾನ, ಲಾರಿಯ ತೂಕ, ಕ್ಯಾಮೆರಾ ನಿಂತ ಜಾಗ ಇವೆಲ್ಲ ಸಾರ್ವಜನಿಕ ದಾಖಲೆಯಾಗಬೇಕು. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೂ ಇಳಿಸಿಕೊಂಡು ಲೆಕ್ಕ ಹಾಕಿ ನೋಡುವಂತಿರಬೇಕು. ಗುತ್ತಿಗೆದಾರನ ವಶದಲ್ಲಿ ಉಳಿದ ಚಿತ್ರ ಇದ್ದೂ ಇಲ್ಲದಂತೆಯೇ.

ಹೋಲಿಕೆಗೆ ಮೊದಲ ಚಿತ್ರ ಬೇಕು, ಹಳೆಯ ಸೇತುವೆಗಳಿಗೆ ಅದು ಇಲ್ಲ. ಅವುಗಳ ಎಣಿಕೆ ಇಂದಿನಿಂದಲೇ ಶುರುವಾಗಬೇಕು, ಕಳೆದುಹೋದ ದಶಕಗಳನ್ನು ಮರಳಿ ಪಡೆಯುವಂತಿಲ್ಲ. ಹೊಸವುಗಳ ಮಾತು ಬೇರೆ. ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ತೆರೆದ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆಯಂಥ ಕೇಬಲ್ ಸೇತುವೆಗಳಲ್ಲಿ ಕೇಬಲ್ಲುಗಳು ನೆಲೆಗೊಂಡ ಜಾಗಗಳೇ ದಣಿವಿಗೆ ಹೆಚ್ಚು ತೆರೆದಿರುವ ಭಾಗ. ಅಲ್ಲಿನ ಉಕ್ಕಿಗೆ ಇನ್ನೂ ಮಳೆಗಾಲಗಳು ಹೆಚ್ಚು ತಟ್ಟಿಲ್ಲ, ಬಣ್ಣ ಇನ್ನೂ ಮಾಸಿಲ್ಲ. ಅಲ್ಲಿ ಆ ಮೊದಲ ಚಿತ್ರ ತೆಗೆಯಲು ತೂಕ ಗೊತ್ತಿರುವ ನಾಲ್ಕು ಲಾರಿ, ಎರಡು ಕ್ಯಾಮೆರಾ, ಮೋಡ ಮುಸುಕಿದ ಒಂದು ಬೆಳಗು ಸಾಕು. ಇದೇ ಕೆಲಸವನ್ನು ಇನ್ನು ಮುಂದೆ ರಾಜ್ಯದಲ್ಲಿ ಕಟ್ಟುವ ಪ್ರತಿ ದೊಡ್ಡ ಸೇತುವೆಯ ಉದ್ಘಾಟನೆಗೆ ಮುಂಚಿನ ಭಾರಪರೀಕ್ಷೆಯ ಷರತ್ತಿನಲ್ಲಿ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಟೆಂಡರಿನಲ್ಲಿ ಒಂದು ಪ್ಯಾರಾ ಸಾಕು.